ಅಪ್ಪನ ಹೆಸರಿಗೊಂದು ಶ್ರೀ

ಮದುವೆಯ ಕಾರ್ಡು ಓದುವುದರಲ್ಲಿ ನಮ್ಮ ಕಡೆಯ ಹೆಂಗಸರಷ್ಟು ಪಳಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಂಡಸರು ಕಾರ್ಡು ಕೈಗೆ ಬಂದ ಕೂಡಲೇ ಮಂಟಪ ಯಾವುದು, ಊಟ ಎಷ್ಟಕ್ಕೆ ಎಂದು ನೋಡಿ ಟಿವಿಯ ಮೇಲಿಟ್ಟುಬಿಡುತ್ತಾರೆ. ಹೆಂಗಸರು ನೋಡುವುದು ಹೆಸರುಗಳಿಗೆ ಅಂಟಿಕೊಂಡ ಸಣ್ಣ ಅಕ್ಷರಗಳನ್ನು. ಗಂಡ ಇದ್ದವಳಿಗೆ ಸೌಭಾಗ್ಯವತಿಯ ಸೌ., ಇಲ್ಲದವಳಿಗೆ ಶ್ರೀಮತಿ. ಬದುಕಿರುವ ಗಂಡಸಿಗೆ ಶ್ರೀ, ತೀರಿಕೊಂಡವನಿಗೆ ಲಿಂಗೈಕ್ಯ, ಜಾಗ ಸಾಲದಿದ್ದರೆ ಬರೇ ಲಿಂ. ಯಾರ ಮನೆಯಲ್ಲಿ ಯಾರು ಹೋದರು, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಸೊಸೆಯ ಹೆಸರು ಬೇಕಂತಲೇ ಬಿಟ್ಟುಹೋಗಿದೆ, ಎಲ್ಲ ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ನನ್ನ ಮದುವೆಯ ಕಾರ್ಡು ಅಚ್ಚಾಗದೆ ನಿಂತದ್ದು ಈ ಸಣ್ಣ ಅಕ್ಷರಗಳ ಸಲುವಾಗಿಯೇ. ನಮ್ಮಪ್ಪ ಸತ್ತಿದ್ದಾನೆ ಎಂದು ಹೇಳುವ ಹಾಗಿರಲಿಲ್ಲ. ಇದ್ದಾನೆ ಎಂದು ಹೇಳುವ ಹಾಗೂ ಇರಲಿಲ್ಲ.

ಅಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿ ದಲಾಲರ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ ಎಂದಿನಂತೆ ಚಹಾ ಕುಡಿದು, ಚಪ್ಪಲಿ ಮೆಟ್ಟಿಕೊಂಡು, ಅಂಗಡಿಗೆಂದು ಹೊರಟವನು ಅಂಗಡಿಗೆ ಹೋಗಲಿಲ್ಲ, ಮನೆಗೂ ಬರಲಿಲ್ಲ. ಸಾಲ ಇರಲಿಲ್ಲ, ಜಗಳ ಇರಲಿಲ್ಲ, ಕುಡಿತ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ, ಹೇಳಿಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು. ಓಣಿಯ ಜನ ಕೇಳಿದಾಗೆಲ್ಲ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಹೋಗ್ಯಾರ್ರಿ. ಬಂದಿಲ್ಲ."

ನಮ್ಮನ್ನು ನೋಡಿಕೊಂಡವರು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಹತ್ತಿಯ ವ್ಯಾಪಾರಿ. ಬೈರಿದೇವರಕೊಪ್ಪದಲ್ಲಿ ತಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ನಮಗೆ ಬಿಟ್ಟುಕೊಟ್ಟರು. ಅವ್ವ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡತೊಡಗಿದಳು. ನಾನು ಓದಿ, ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಬಿಲ್ಲು ಮಾಡುವ ಕೆಲಸಕ್ಕೆ ಸೇರಿದೆ.

ದೊಡ್ಡಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ವಿಳಾಸದ ಹುಚ್ಚು. ಯಾರ ಸುದ್ದಿ ಬಂದರೂ ಮೊದಲು ಕೇಳುವುದು, "ಯಾವ ಓಣಿ? ಯಾರ ಮನಿ ಬಾಜೂಕ?" ನನ್ನ ಗೆಳತಿಯರು ಮನೆಗೆ ಬಂದರೆ ಅವರ ಹೆಸರಿಗಿಂತ ಮೊದಲು ಅವರ ಓಣಿಯ ತಿರುವು ತಿಳಿದುಕೊಳ್ಳುತ್ತಿದ್ದರು. ಟಿವಿಯಲ್ಲಿ ಎಲ್ಲೋ ಬೆಂಕಿ ಬಿದ್ದ ಸುದ್ದಿ ಬಂದರೂ, "ಅದು ಸ್ಟ್ಯಾಂಡಿನ ಈ ಕಡೆಗೋ ಆ ಕಡೆಗೋ?" ಎಂದು ಟಿವಿಗೇ ಕೇಳುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಆದರೆ ಬಳಗದಲ್ಲಿ ಯಾರ ಮದುವೆಯಾದರೂ ಕಾರ್ಡು ಹಂಚುವ ಕೆಲಸ ಅವರದೇ. ಸ್ಕೂಟರಿನ ಡಿಕ್ಕಿಯಲ್ಲಿ ಲಕೋಟೆಗಳನ್ನು ದಾರಿಯ ಪ್ರಕಾರ ಹೊಂದಿಸಿಕೊಂಡು ಹೊರಟರೆ ಒಂದು ಮನೆಯೂ ತಪ್ಪುತ್ತಿರಲಿಲ್ಲ.

ಅಪ್ಪ ಹೋದ ಹೊಸದರಲ್ಲಿ ಅವರು ಹುಡುಕಿದ್ದೂ ಹಾಗೆಯೇ. ಪೊಲೀಸ್ ಸ್ಟೇಷನ್, ಆಸ್ಪತ್ರೆ, ಪಂಢರಪುರ, ಉಳವಿ, ಹತ್ತಿ ಮಾರಲು ಹೋದ ಊರುಗಳೆಲ್ಲ. ಬಂದು ಅವ್ವನ ಮುಂದೆ ಕೂತು ಎಲ್ಲೆಲ್ಲಿ ಹೋಗಿದ್ದೆ ಎಂದು ಓಣಿ ಓಣಿಯ ವರದಿ ಒಪ್ಪಿಸುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ನಿಲ್ಲಿಸಿದರು. ಪಾಪ, ದಣಿದಿದ್ದಾರೆ ಎಂದುಕೊಂಡೆ ನಾನು.

ಅವ್ವ ಮಾತ್ರ ಹಣೆಯ ಕುಂಕುಮ ಅಳಿಸಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿಯ ಹಂಚು ಇಡುವ ಮೊದಲು ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ಬಳೆ ಒಡೆದರೆ ಆವತ್ತೇ ಹೊಸದು.

ನನ್ನ ಮದುವೆ ಗೊತ್ತಾದದ್ದು ಧಾರವಾಡದ ಮನೆತನಕ್ಕೆ. ಹುಡುಗ ಬ್ಯಾಂಕಿನಲ್ಲಿದ್ದ. ಅವನ ತಾಯಿ ನಿವೃತ್ತ ಶಾಲಾ ಶಿಕ್ಷಕಿ. ಸುತ್ತಿ ಬಳಸಿ ಮಾತಾಡದ ಹೆಂಗಸು, ಅದಕ್ಕೇ ನನಗೆ ಹಿಡಿಸಿದ್ದರು. ನಿಶ್ಚಯವಾದ ಮೇಲೆ ಒಂದು ರವಿವಾರ ಕಾರ್ಡಿನ ಒಕ್ಕಣೆ ಬರೆದುಕೊಳ್ಳಲು ನಮ್ಮ ಮನೆಗೆ ಬಂದರು. ಅವರ ಕಡೆಯ ಹೆಸರುಗಳೆಲ್ಲ ಮುಗಿದವು. ವಧುವಿನ ತಂದೆಯ ಹೆಸರಿಗೆ ಬಂದಾಗ ಪೆನ್ನು ಎತ್ತಿ ಹಿಡಿದು ಅವ್ವನನ್ನು ನೋಡಿದರು.

"ನೋಡ್ರಿ, ನಮಗೇನೂ ತಕರಾರಿಲ್ಲ. ಎಲ್ಲಾ ತಿಳದೇ ನಾವು ಹೂಂ ಅಂದೇವಿ. ಆದ್ರ ಇದ್ದಾರ ಅಂತ ಬರದ್ರ, ಧಾರಿಗೆ ಯಾಕ ನಿಂತಿಲ್ಲ ಅಂತ ನಮ್ಮ ಮಂದಿ ಕೇಳ್ತಾರ. ಇಲ್ಲಾ ಅಂತ ಬರದ್ರ ಯಾರೂ ಕೇಳೂದಿಲ್ಲ. ಯಾವುದರೇ ಒಂದು ಬರೀರಿ. ನಡುವಿಂದು ಮಾತ್ರ ಬ್ಯಾಡ್ರಿ."

ಅವ್ವ ಚಹಾದ ಕಪ್ಪು ಎತ್ತಿಕೊಡುತ್ತಿದ್ದಳು.

"ಲಿಂಗೈಕ್ಯ ಅಂತ ಹಾಕೂಣು" ಎಂದರು ದೊಡ್ಡಪ್ಪ, ಮಂಟಪಕ್ಕೆ ಕುರ್ಚಿ ಹೇಳುವಂತೆ. "ಇಷ್ಟು ವರ್ಷ ಸುದ್ದಿ ಇಲ್ಲಂದ್ರ ಕೋರ್ಟ್ ಸೈತ ಸತ್ತಾನ ಅಂತ ಬರಕೊಡ್ತೇತಿ. ನಾವೇನು ಕೋರ್ಟಿಗಿಂತ ಶಾಣ್ಯಾರ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೇಲಿನ ಪ್ರೀತಿಯಿಂದಲ್ಲ, ಅದು ಎಂದೋ ಒಣಗಿತ್ತು. ಆ ಮೂರಕ್ಷರ ಅಪ್ಪನ ಹೆಸರಿನ ಮೊದಲು ಕೂತರೆ ಅವ್ವನ ಸೌ. ಹೋಗಿ ಶ್ರೀಮತಿ ಆಗುತ್ತದೆ. ಕಾರ್ಡು ಊರಿಗೆಲ್ಲ ಮುಟ್ಟುತ್ತದೆ. ಮುಟ್ಟಿದ ಮೇಲೆ ಆಕೆ ಕುಂಕುಮ ಹಚ್ಚಿಕೊಂಡು ನಿಂತರೆ ನೋಡಿದವರು ಏನೆನ್ನುತ್ತಾರೆ? ಮಗಳ ಮದುವೆಯ ಮುಂದೆ ಬಳೆ ಒಡೆಯಬೇಕು. ನನಗೆ ಅರಿಷಿಣ ಹಚ್ಚುವಾಗ ಮೊದಲ ಕೈ ಆಕೆಯದಾಗುವಂತಿಲ್ಲ. ಮದುಮಗಳಿಗೆ ಸುರಗಿಯ ಸ್ನಾನದ ನೀರು ಹಾಕುವ ಐದು ಮುತ್ತೈದೆಯರ ಸಾಲಿನಲ್ಲಿ ಆಕೆ ಇರುವಂತಿಲ್ಲ. ನಮ್ಮಲ್ಲಿ ವಿಧವೆಗೆ ಯಾವ ಕಟ್ಟೂ ಇಲ್ಲ ಎಂದು ಮಠದ ಪ್ರವಚನದಲ್ಲಿ ತಲೆದೂಗಿ ಬರುವ ಜನವೇ, ಮನೆಗೆ ಬಂದು ಅರಿಷಿಣದ ಬಟ್ಟಲನ್ನು ಅವಳ ಕೈಗೆಟುಕದ ಹಾಗೆ ಸರಿಸಿಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

"ಅವ್ವನ್ನ ಕೇಳ್ರಿ ಮೊದಲ" ಎಂದೆ.

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಕಪ್ಪನ್ನು ಬೀಗಿತ್ತಿಯ ಮುಂದಿಟ್ಟು, "ಒಂದೆರಡು ದಿನ ಕೊಡ್ರಿ" ಎಂದಳು.

ಅದೇ ವಾರ ಕಾರ್ಖಾನೆಯಿಂದ ಬರುವಾಗ ಗೋಕುಲ ರಸ್ತೆಯ ಕಾರ್ಡಿನ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ನಮ್ಮ ಬಳಗದ ಕಾರ್ಡುಗಳನ್ನೆಲ್ಲ ಮಾಡಿಕೊಟ್ಟವರು. ಅವರ ತಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ, ಇವರು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಒಂದು ಕಡೆ ನಿಕಾಹ್ ಕಾರ್ಡುಗಳ ಮಾದರಿ, ಇನ್ನೊಂದು ಕಡೆ ನಮ್ಮವು. ಪರದೆಯ ಮೇಲೆ ನನ್ನ ಕಾರ್ಡು ತೆರೆದರು. ಗಣಪತಿ, ಮಠದ ಸ್ವಾಮಿಗಳ ದಿವ್ಯ ಸಾನ್ನಿಧ್ಯ, ಮುಹೂರ್ತ, ಮಂಟಪ, ಎಲ್ಲ ಕೂತಿತ್ತು. ಅಪ್ಪನ ಹೆಸರಿನ ಮೊದಲು ಮಾತ್ರ ಖಾಲಿ ಜಾಗ, ಅದರಲ್ಲಿ ಕಪ್ಪು ಗೆರೆಯೊಂದು ಮಿನುಗುತ್ತಿತ್ತು.

"ಇಲ್ಲೇನು ಹಾಕ್ಲಿ, ಹೇಳಿಬಿಡ್ರಿ ಲಗೂ" ಎಂದರು ಸಾಹೇಬರು. "ಸೀಜನ್ ಐತಿ, ಮಶೀನ್ ಖಾಲಿ ಇರಂಗಿಲ್ಲ."

"ಏನೂ ಹಾಕದ ಬಿಟ್ರ?"

"ಬರೇ ಹೆಸರು? ಅದು ಬೈದಂಗಾಗ್ತೇತ್ರಿ. ನಮ್ಮ ಕಾರ್ಡಿನ್ಯಾಗೂ ಹಂಗ. ತೀರಿಕೊಂಡವರಿಗೆ ಮರ್ಹೂಮ್ ಅಂತೇವಿ, ಅದನ್ನ ಹಾಕೂದೋ ಬ್ಯಾಡೋ ಅಂದ್ರ ಯಾರೂ ತಡಾ ಮಾಡಂಗಿಲ್ಲ, ಥಟ್ ಅಂತ ಹೇಳ್ತಾರ. ವಿಚಾರ ಮಾಡಿ ಹೇಳ್ತೇನಿ ಅಂದವರು ನೀವೊಬ್ರ ನೋಡ್ರಿ."

ಅವರು ವ್ಯಂಗ್ಯವಾಡಲಿಲ್ಲ, ಇದ್ದದ್ದನ್ನು ಹೇಳಿದರು. ಆದರೂ ನನಗೆ ಸಿಟ್ಟು ಬಂತು. ಅಂಗಡಿಯಿಂದ ಹೊರಗೆ ಬಂದು, ಬಸ್ಸುಗಳ ಗದ್ದಲದಲ್ಲೇ ನಿಂತು ಮದುವೆಯಾಗುವ ಹುಡುಗನಿಗೆ ಫೋನು ಮಾಡಿದೆ. "ನಿಂಗೇನ ಅನಸ್ತದ?" ಎಂದು ಕೇಳಿದೆ.

"ಅದು ನಿಮ್ಮ ಮನೀ ವಿಷಯ. ನಾ ಏನಂತ ಹೇಳ್ಲಿ?"

"ಹಂಗಾರ ನಾ ಯಾರ ಮನಿಯಾಕಿ? ಇನ್ನೂ ಗೊತ್ತಾಗಿಲ್ಲೇನು ನಿನಗ?"

ನಾನೇ ಫೋನು ಕಟ್ ಮಾಡಿದೆ. ಈ ಮದುವೆ ನಿಂತುಹೋದರೂ ಹೋಗಲಿ ಎನ್ನುವಷ್ಟು ತಲೆ ಕೆಟ್ಟಿತ್ತು. ಆಮೇಲೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಹೆದರಿಕೆಯಾಯಿತು, ಖರೇನೇ ನಿಂತುಹೋದರೆ ಎಂದು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಸುಟ್ಟ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದೆ.

"ಶ್ರೀ ಅಂತನ ಹಾಕಸ್ತೇನಿ ಅವ್ವಾ. ಏನ ಆಗೂದದ ಆಗ್ಲಿ. ನಿನ್ನ ಹಣಿಮ್ಯಾಲಿಂದು ತಗದು ನನಗ ಅಕ್ಕಿಕಾಳ ಬೀಳೂದು ಬ್ಯಾಡ."

ಅವ್ವ ಹಿಟ್ಟಿನ ಕೈಯನ್ನು ನಿಲ್ಲಿಸಲಿಲ್ಲ. "ಅಲ್ಲಾ, ಅವರು ಅದಾರಂತಿಯೋ ಇಲ್ಲಂತಿಯೋ?"

"ನನಗೇನು ಗೊತ್ತು?"

"ಗೊತ್ತಿಲ್ಲದ ಏನಂತ ಅಚ್ಚ ಹಾಕಸ್ತಿ?"

"ಹಂಗಾರ ನಿನಗ ಗೊತ್ತದ ಏನು?"

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ನನಗ ಗೊತ್ತಿಲ್ಲ" ಎಂದಳು. ರೊಟ್ಟಿ ಹೊರಳಿಸಿ, "ಗೊತ್ತಿದ್ದವರು ಇರಬೇಕು" ಎಂದಳು. ದೇವರನ್ನು ಕುರಿತು ಅಂದಳೆಂದು ನಾನು ತಿಳಿದೆ. ನಮ್ಮ ಮನೆಯಲ್ಲಿ ಉತ್ತರ ಸಿಗದ ಮಾತೆಲ್ಲ ಕೊನೆಗೆ ದೇವರ ತಲೆಗೇ ಹೋಗುತ್ತಿತ್ತು.

ಮುಂದಿನ ದಿನಗಳಲ್ಲಿ ಮನೆಯ ಗಾಳಿಯೇ ಬಿಗಿದುಕೊಂಡಿತು. ದೊಡ್ಡಪ್ಪ ಬೆಳಿಗ್ಗೆ ಹಿಂದಿನ ಬಾಗಿಲಿಗೆ ಬಂದು ನಿಂತು, "ಏನ ವಿಚಾರ ಮಾಡಿದ್ರಿ?" ಎನ್ನುತ್ತಿದ್ದರು. ಅವ್ವ, "ಮಾಡಾಕತ್ತೇನ್ರಿ" ಎನ್ನುತ್ತಿದ್ದಳು. ಧಾರವಾಡದಿಂದ ಫೋನು ಬರುತ್ತಿತ್ತು. ಬೀಗಿತ್ತಿಯ ದನಿಯಲ್ಲಿ ಮೊದಲಿನ ನಗೆ ಇರಲಿಲ್ಲ. ದೂರದ ಊರಿನವರಿಗೆ ಕಾರ್ಡು ಮುಟ್ಟುವುದು ಯಾವಾಗ, ಅವರು ರಜೆ ಹಾಕುವುದು ಯಾವಾಗ ಎಂದು ಕೇಳುತ್ತಿದ್ದರು. ಕೇಳುವುದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಉತ್ತರ ಕೊಡುವುದು ಇನ್ನೂ ಕಷ್ಟವಾಗಿತ್ತು. ನಾನು ದೊಡ್ಡಪ್ಪನ ಜೊತೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿಯೂ ಗಮನಿಸದವರ ಹಾಗೆ ಇದ್ದರು. ತಮ್ಮನನ್ನು ಸಾಯಿಸಲು ಇವರಿಗ್ಯಾಕೆ ಇಷ್ಟು ಅವಸರ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ದೊಡ್ಡಪ್ಪ ನಮ್ಮ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಎದುರಿಗೆ ಹೊಸ ಕಾರ್ಡುಗಳ ಸಣ್ಣ ಕಟ್ಟು. ನಮ್ಮಲ್ಲಿ ಹಾಗೇ ಮಾಡುವುದು. ಪೂರ್ತಿ ಅಚ್ಚು ಹಾಕುವ ಮೊದಲು ಮನೆದೇವರಿಗೆ, ಮಠಕ್ಕೆ, ತೌರುಮನೆಗೆ, ಹಿರಿಯರಿಗೆ ಎಂದು ಸ್ವಲ್ಪ ತೆಗೆಸುತ್ತಾರೆ. ಅವಕ್ಕೆ ಅರಿಷಿಣ ಹಚ್ಚಿ ಮುಟ್ಟಿಸಿದ ಮೇಲೆ ಉಳಿದವು.

ಒಂದು ಕಾರ್ಡು ತೆಗೆದು ನೋಡಿದೆ. ಲಿಂ. ಅಂತ ಇತ್ತು. ಕೆಳಗೆ ಅವ್ವನ ಹೆಸರಿಗೆ ಶ್ರೀಮತಿ.

"ಯಾರನ್ನ ಕೇಳಿ ಹಾಕಿಸಿದ್ರಿ ಇದನ್ನ?"

"ನಾನ ಫೋನ್ ಮಾಡಿ ಹೇಳೇನಿ. ಒಬ್ರರೇ ಹೇಳಬೇಕಲ್ಲ. ಬೀಗರು ಎಷ್ಟು ದಿನ ಕಾಯ್ತಾರ?"

ಕಾರ್ಡನ್ನು ಅಲ್ಲೇ ಹರಿದು ಹಾಕುತ್ತಿದ್ದೆ. ಅವ್ವ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಓದಿದಳು. ಒಂದೊಂದು ಸಾಲನ್ನೂ ಓದಿದಳು, ಕೆಳಗಿನ ಅಂಗಡಿಯ ಹೆಸರಿನವರೆಗೆ. ಆಮೇಲೆ, "ಅರಿಷಿಣ ತೊಗೊಂಡ ಬಾ. ಪೆನ್ನೂ ತಾ" ಎಂದಳು.

"ಅವ್ವಾ."

"ತಾ ಅಂದೆ."

ಆಕೆ ಸೋತಳು ಎಂದು ನನಗನ್ನಿಸಿತು. ಅಡುಗೆಮನೆಯಲ್ಲಿ ಅರಿಷಿಣ ಕಲಸುವಾಗ ಕಣ್ಣೀರು ತಡೆಯಲಾಗಲಿಲ್ಲ. ಬಟ್ಟಲು ತಂದಿಟ್ಟೆ. ಮೂವರೂ ಕೂತೆವು. ನಾನು ಕಾರ್ಡಿನ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ ಕೊಡುವುದು, ಅವ್ವ ಲಕೋಟೆಗೆ ಹಾಕಿ ತನ್ನ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಯುವುದು, ದೊಡ್ಡಪ್ಪ ತೆಗೆದುಕೊಂಡು ತಮ್ಮ ಕೈಚೀಲದಲ್ಲಿ ಹೊಂದಿಸುವುದು.

ಮೊದಲನೆಯದು ಮನೆದೇವರಿಗೆ. ಎರಡನೆಯದು ಮಠಕ್ಕೆ. ಜೀವಮಾನವೆಲ್ಲ ಆ ಮಠಕ್ಕೆ ನಡೆದುಕೊಂಡ ಮನುಷ್ಯ, ಆದರೂ ಕೇಳಿದರು, "ಹಿಂದಿನ ಬಾಗಿಲಿಗೆ ಕೊಡ್ಲ್ಯೋ, ಆಫೀಸಿನ್ಯಾಗ ಕೊಡ್ಲ್ಯೋ?" ನವಲಗುಂದದ ಅವ್ವನ ತೌರುಮನೆಗೆ ಬರೆದಾಗ, "ಅವರು ಹೊಸಾ ಮನಿ ಕಟ್ಯಾರಂತಲ್ಲ, ಯಾವ ಓಣಿ ಅದು?" ಎಂದರು. ಅಪ್ಪ ಕೆಲಸ ಮಾಡುತ್ತಿದ್ದ ಅಂಗಡಿಯ ಹಿರಿಯರಿಗೆ ಬರೆದಾಗ, "ಅಂಗಡಿಗೋ ಮನಿಗೋ? ಮನಿ ಆದ್ರ ಯಾವ ತಿರುವು?" ನಾನು ಸಿಟ್ಟಿನಲ್ಲೇ ಅರಿಷಿಣ ಹಚ್ಚುತ್ತಿದ್ದೆ. ಆದರೂ ಒಂದು ಗಳಿಗೆ, ಈ ಮನುಷ್ಯ ಸ್ವರ್ಗಕ್ಕೆ ಹೋದರೂ ಓಣಿ ಕೇಳಿಯೇ ಒಳಗೆ ಕಾಲಿಡುತ್ತಾನೆ ಎನ್ನಿಸಿತು.

ಅವ್ವ ಇನ್ನೊಂದು ಲಕೋಟೆ ಬರೆದು ಕೊಟ್ಟಳು.

ದೊಡ್ಡಪ್ಪ ಓದಿದರು. ಓದುವಾಗ ಅವರ ತುಟಿ ಅಲುಗಾಡುತ್ತದೆ, ಅದಕ್ಕೇ ಅದು ಯಾರ ಹೆಸರೆಂದು ನನಗೆ ಗೊತ್ತಾಯಿತು. ಅಪ್ಪನ ಹೆಸರು. ಬರೀ ಹೆಸರು, ಊರಿಲ್ಲ, ಓಣಿಯಿಲ್ಲ. ಅವರು ತಲೆ ಎತ್ತಲಿಲ್ಲ. ಅದನ್ನು ಚೀಲಕ್ಕೆ ಹಾಕಲೂ ಇಲ್ಲ. ಅಂಗಿಯ ಒಳಜೇಬಿಗೆ ಇಳಿಸಿ, ಮುಂದಿನ ಲಕೋಟೆಗೆ ಕೈ ಚಾಚಿದರು.

ಅವ್ವ ಮುಂದಿನದು ಕೊಡಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿದಳು.

"ಭಾವಾರ, ಅದು ಯಾವ ಓಣಿ ಅಂತ ನೀವು ಕೇಳಲೇ ಇಲ್ಲ."

ದೊಡ್ಡಪ್ಪನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಅವರು ಕೈ ಕೆಳಗಿಳಿಸಿ, ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ನೀವು ಹುಡಕೂದು ಬಿಟ್ಟಾಗಿಂದ ನನಗ ಸಂಶೇ ಇತ್ತು" ಎಂದಳು ಅವ್ವ. ದನಿ ಎತ್ತಲಿಲ್ಲ. "ದಣದವರು ಮೆಲ್ಲಕ ಮೆಲ್ಲಕ ಬಿಡ್ತಾರ. ನೀವು ಒಮ್ಮಿಂದೊಮ್ಮೆ ಬಿಟ್ರಿ. ಹತ್ತಿ ಮಾರಾಕ ಹೋಗಿ ಬಂದ್ರಿ, ಎಲ್ಲಿ ಹೋಗಿದ್ದೆ ಅಂತ ನನ್ನ ಮುಂದ ಹೇಳಲಿಲ್ಲ. ಆವತ್ತಿನಿಂದ ಕೇಳೂದೂ ಬಿಟ್ರಿ. ಕೇಳದ ಇರೂ ಮನಷ್ಯಾರಲ್ಲ ನೀವು."

"ಇಚಲಕರಂಜಿ" ಎಂದರು ದೊಡ್ಡಪ್ಪ.

ನನಗೆ ಆ ಊರಿನ ಹೆಸರು ಕೇಳಿ ನಗು ಬಂದಂತಾಯಿತು, ಅಳು ಬಂದಂತೆಯೂ ಆಯಿತು. ದೇಶದ ತುದಿಯಲ್ಲೋ ಹಿಮಾಲಯದಲ್ಲೋ ಇರುತ್ತಾನೆ ಎಂದು ಸಣ್ಣವಳಿದ್ದಾಗ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಹೋಗಿ ಮುಟ್ಟುವ ಊರು. ನಮ್ಮ ಓಣಿಯವರು ಸೀರೆ ತರಲು ಹೋಗುತ್ತಾರೆ.

"ನೂಲಿನ ಅಂಗಡ್ಯಾಗ ಲೆಕ್ಕ ಬರೀತಾನ" ಎಂದರು ದೊಡ್ಡಪ್ಪ. "ಎದುರಿಗೇ ಸಿಕ್ಕ. ಮನಿಗೆ ನಡಿ ಅಂದೆ. ಬರಂಗಿಲ್ಲ ಅಂದ. ನನಗ ಅಲ್ಲೆ ಉಸರ ಕಟ್ಟತೇತಿ ಅಂದ. ಯಾಕ ಅಂದ್ರ ಅದಕ್ಕಿಂತ ಹೆಚ್ಚಿಗಿ ಒಂದು ಮಾತೂ ಆಡವಲ್ಲ. ಹೊಡದೆ ಅವಗ, ಬಜಾರದಾಗ ನಿಂದರಿಸಿ ಹೊಡದೆ. ಹೊಡಸ್ಕೊಂಡ. ಆಮ್ಯಾಲೆ ಕೈ ಮುಗದು, ನಾ ಸತ್ತೆ ಅಂತ ಹೇಳಿಬಿಡಪಾ ಅಂದ. ಲಗ್ನದ ಸುದ್ದಿ ತಿಳಿಸಿದಾಗೂ ಅದನ್ನ ಅಂದ. ಲಿಂಗೈಕ್ಯ ಅಂತ ಬರಸ್ರಿ, ಎಲ್ಲಾರಿಗೂ ಸಸಾರ ಆಗ್ತೇತಿ ಅಂದ."

"ಲಗ್ನದ ಸುದ್ದಿ ಅವಗ ಗೊತ್ತದ ಏನು?" ಎಂದೆ ನಾನು. ಅಪ್ಪ ತಾನೇ ಕೂತು ತನ್ನ ಮಗಳ ಮದುವೆಯ ಕಾರ್ಡಿನಲ್ಲಿ ತನ್ನ ಸಾವನ್ನು ಬರೆಸಿದ್ದಾನೆ. ದೊಡ್ಡಪ್ಪ ಅವನ ಮಾತನ್ನು ಹೊತ್ತು ತಂದು, ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಒಪ್ಪಿಗೆ ಕೇಳುತ್ತಿದ್ದರು. ಅವಸರ ಇವರದ್ದಾಗಿರಲಿಲ್ಲ.

"ಹೇಳಿದ್ರ ನೀ ಸಾಯ್ತಿ ಅಂತ ತಿಳದೆ ಯವ್ವಾ" ಎಂದರು ಅವರು ಅವ್ವನಿಗೆ. "ಕಾಯೂದಾದ್ರ ಕಾಯ್ಲಿ, ಬಂದಾನು ಅಂತ ಒಂದು ಆಸರ ಇರ್ಲಿ ಅಂತ ಬಿಟ್ಟೆ. ನನಗ ಬಾಯಿ ಬರಲಿಲ್ಲ."

ಅವ್ವ ಹೆಂಗಸರು ಕೇಳುವ ಪ್ರಶ್ನೆ ಕೇಳುತ್ತಾಳೆ ಎಂದು ಕಾದೆ. ಒಬ್ಬನೇ ಇದ್ದಾನೋ, ಜೊತೆಗೆ ಯಾರಾದರೂ ಇದ್ದಾರೋ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಕೇಳಿದ್ದು, "ಅರಾಮ ಅದಾರೇನು?"

"ಅದಾನ."

"ಆತು" ಎಂದಳು. ಕೈ ಚಾಚಿದಳು. "ಆ ಕಾರ್ಡ ಇತ್ತ ಕೊಡ್ರಿ."

ದೊಡ್ಡಪ್ಪ ಜೇಬಿನಿಂದ ತೆಗೆದು ಕೊಟ್ಟರು. ಅವ್ವ ಚೀಲದಲ್ಲಿದ್ದ ಉಳಿದ ಲಕೋಟೆಗಳನ್ನೂ ತೆಗೆದುಕೊಂಡು, ಎಲ್ಲವನ್ನೂ ಒಲೆಯ ಹತ್ತಿರದ ಉರುವಲಿನ ಪುಟ್ಟಿಯಲ್ಲಿ ಹಾಕಿ ಬಂದು ಮತ್ತೆ ಕೂತಳು.

"ಸಾಹೇಬ್ರಿಗೆ ಫೋನ್ ಹಚ್ಚು" ಎಂದಳು ನನಗೆ. "ಶ್ರೀ ಅಂತ ಹಾಕ್ಲಿ. ನಂದು ಸೌ. ಅಂತನ ಇರ್ಲಿ. ಸುಖಾಗಮನ ಬಯಸುವವರು ಅಂತ ಕೆಳಗ ಇರತೇತಲ್ಲ, ಆ ಸಾಲಿನ್ಯಾಗಿಂದ ಅವರ ಹೆಸರು ತಗೀಲಿ. ಕರಿಯೂದು ನಾವು. ಅವರು ಬರೂದು."

"ಬರೂದಿಲ್ಲ ಯವ್ವಾ ಅವಾ" ಎಂದರು ದೊಡ್ಡಪ್ಪ. "ಮಂದಿ ಮುಂದ ಏನಂತ ಹೇಳ್ತಿ? ಎಲ್ಲಾರೂ ಕೇಳ್ತಾರ."

"ಕೇಳ್ಲಿ. ಇಷ್ಟು ವರ್ಷ ನನ್ನ ಕೇಳ್ಯಾರ, ಅವರು ಹೋಗೂವಂಥಾದ್ದು ನಾ ಏನ ಮಾಡಿದೆ ಅಂತ. ಇನ್ನ ಅವರನ್ನ ಕೇಳ್ಲಿ. ಬದುಕಿ ಅದಾರ, ಮಗಳ ಲಗ್ನಕ್ಕ ಬಂದಿಲ್ಲ ಅಂತ ತಿಳೀಲಿ. ಸತ್ತು ಪಾರಾಗೂದು ಬ್ಯಾಡ." ಅರಿಷಿಣದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. "ಹೊಸಾ ಕಾರ್ಡ ಬಂದ ಮ್ಯಾಲೆ ನೀವ ಹೋಗಿ ಮುಟ್ಟಿಸಿ ಬರ್ರಿ. ಓಣಿ ಗೊತ್ತೇತಲ್ಲ ನಿಮಗ."

ಧಾರವಾಡದ ಬೀಗಿತ್ತಿಗೆ ಅವ್ವನೇ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಊರಿನ ಹೆಸರು ಸಮೇತ. ನಾನು ಬಾಗಿಲ ಮರೆಯಲ್ಲಿ ನಿಂತು ಆ ಮದುವೆ ಇದ್ದೀತೋ ಮುರಿದೀತೋ ಎಂದು ಸೆರಗು ಹಿಂಡುತ್ತಿದ್ದೆ. ಆಮೇಲೆ ಬೀಗಿತ್ತಿ, "ನಡುವಿಂದು ಬ್ಯಾಡ ಅಂದಿದ್ದೆ. ಇದು ನಡುವಿಂದಲ್ಲ ಬಿಡ್ರಿ. ಧಾರಿಗೆ ನೀವ ನಿಂದರ್ರಿ" ಎಂದರಂತೆ. ಫೋನು ಇಟ್ಟ ಮೇಲೆ ಅವ್ವ ನೆಲದ ಮೇಲೆ ಕೂತು ಅತ್ತಳು. ಅಪ್ಪ ಹೋದಾಗಲೂ ಆಕೆ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಹೊಸ ಕಾರ್ಡು ಬಂತು. ದೊಡ್ಡಪ್ಪ ಒಂದು ಬೆಳಿಗ್ಗೆ ಇಚಲಕರಂಜಿಯ ಬಸ್ಸು ಹತ್ತಿ, ಸಂಜೆ ತಿರುಗಿ ಬಂದರು. "ಕೈಯಾಗ ಕೊಟ್ಟೆ. ಓದಿದ" ಎಂದು ಮಾತ್ರ ಹೇಳಿ, ಹಿಂದಿನ ಬಾಗಿಲಲ್ಲೇ ನಿಂತು, ನಾನು ಕೊಟ್ಟ ನೀರು ಕುಡಿದು ಹೋದರು. ಅವರ ಜೊತೆ ಮತ್ತೆ ಮಾತಾಡಲು ನನಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು.

ಮದುವೆಯ ದಿನ ಅರಿಷಿಣದ ಮೊದಲ ಕೈ ಅವ್ವನದೇ. ರೊಟ್ಟಿ ಬಡಿದು ಬಡಿದು ಒರಟಾದ ಅಂಗೈ ನನ್ನ ಕೆನ್ನೆಯ ಮೇಲೆ ಬಿದ್ದಾಗ ಚುರುಕ್ಕೆಂದಿತು. ಸುರಗಿಯ ನೀರನ್ನೂ ಆಕೆಯೇ ಹಾಕಿದಳು. ಬಳಗದ ಹೆಂಗಸರು ಕಾರ್ಡನ್ನು ಓದಿಯೇ ಬಂದಿದ್ದರು. ಒಬ್ಬೊಬ್ಬರೂ ಮಂಟಪದ ಬಾಗಿಲಲ್ಲಿ ಅವ್ವನ ಹಣೆ ನೋಡಿ, ಆಮೇಲೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದರು, "ಯಜಮಾನ್ರು ಎಲ್ಲಿ ಕಾಣವಲ್ರಲ್ಲ?"

ಅವ್ವ ದನಿ ತಗ್ಗಿಸದೆ ಎಲ್ಲರಿಗೂ ಒಂದೇ ಮಾತು ಹೇಳಿದಳು. "ಕಾರ್ಡ ಮುಟ್ಟೇತ್ರಿ. ಬಂದಿಲ್ಲ."

ಧಾರೆಗೆ ಆಕೆ ಒಬ್ಬಳೇ ನಿಂತಳು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಇತ್ತು. ಅದನ್ನು ತುಂಬಲು ದೊಡ್ಡಪ್ಪ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಅಕ್ಷತೆ ಬೀಳುವ ಗದ್ದಲದಲ್ಲಿ ನಾನು ತಲೆ ಎತ್ತಿ, ಮಂಟಪದ ಬಾಗಿಲ ಕಡೆ ನೋಡಿದೆ. ಅವ್ವ ನನ್ನ ಮುಖ ನೋಡುತ್ತಿದ್ದಳು. ಆಕೆ ಆ ಕಡೆ ತಿರುಗಲೇ ಇಲ್ಲ.